300ರ ಚಿಪ್ಪು 450ಕ್ಕೆ ಓಡಿದ ಕಾಲ

ನಾಚಾರಂನ ಮೇ ಸೆಕೆಯಲ್ಲಿ ಮಗ ಗ್ರಾಫಿಕ್ಸ್ ಕಾರ್ಡನ್ನು ಓವರ್‌ಕ್ಲಾಕ್ ಮಾಡಲು ಕೂತಾಗ ನನಗೆ 1998 ನೆನಪಾಯಿತು. ಆ ವರ್ಷ ಬಂದ ಇಂಟೆಲ್ ಸೆಲೆರಾನ್ 300ಎ ಚಿಪ್ಪನ್ನು, ಬಸ್ ವೇಗ 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ, 450ರಲ್ಲಿ ಓಡಿಸುತ್ತಿದ್ದರು. ದುಬಾರಿ ಪೆಂಟಿಯಂ 2ರ ವೇಗ ಅಗ್ಗದ ಚಿಪ್ಪಿಗೆ! ಸುಟ್ಟರೆ ಹೊಣೆ ನಮ್ಮದೇ.

2012ರಲ್ಲಿ ಎನ್ವಿಡಿಯಾದ ಜಿಟಿಎಕ್ಸ್ 680 ವಿದ್ಯುತ್ ಮಿತಿ ನೋಡಿಕೊಂಡು ತಾನೇ ವೇಗ ಏರಿಳಿಸತೊಡಗಿತು. ಮರುವರ್ಷದ ಟೈಟನ್ ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಕಾರಣವಿದೆ. ವಿದ್ಯುತ್ ಬಳಕೆ ವೇಗದ ಜೊತೆ ಏರುತ್ತದೆ, ವೋಲ್ಟೇಜಿನ ವರ್ಗದಷ್ಟೂ ಏರುತ್ತದೆ. ಎರಡನ್ನೂ ಶೇ. 10 ಹೆಚ್ಚಿಸಿದರೆ ಬಳಕೆ ಸುಮಾರು ಶೇ. 33 ಹೆಚ್ಚು, ಅಷ್ಟೂ ಬಿಸಿಯಾಗಿ ಕೋಣೆಗೇ ಬರುತ್ತದೆ.

“ಮೊದಲು ವೋಲ್ಟೇಜ್ ಇಳಿಸಿ ನೋಡೋ” ಎಂದೆ. ಅನುಮಾನದಿಂದಲೇ ಸ್ವಲ್ಪ ಇಳಿಸಿದ. ಫ್ಯಾನಿನ ಸದ್ದು ತಗ್ಗಿತು, ಆಟ ನಿಧಾನವಾಗಲಿಲ್ಲ.