ಧವಲಾ ಲೀಕ್ ಆದ ಕಥೆ

ಅಪರೂಪದ ಪುಸ್ತಕ ಕದಿಯೋ ಕ್ರೈಂ ಕಾದಂಬರಿಗಳಿಗೆ ಒಂದು ಫಾರ್ಮುಲಾ ಇದೆ. ಹಳೇ ಪುಸ್ತಕ, ಅದರ ಬೆಲೆ ಗೊತ್ತಿರೋ ಒಬ್ಬ ವ್ಯಾಪಾರಿ, ಒಂದು ಹೆಣ. ಜಾನ್ ಡನಿಂಗ್ 1992ರಲ್ಲಿ ಬರೆದ ‘ಬುಕ್ಡ್ ಟು ಡೈ’ಯಲ್ಲಂತೂ ಡೆನ್ವರ್‌ನ ಪೊಲೀಸಪ್ಪನೇ ಪುಸ್ತಕದಂಗಡಿ ಇಡ್ತಾನೆ. ಇಂಥವನ್ನು ಓದುವಾಗೆಲ್ಲ ನನಗೆ ನೆನಪಾಗೋದು ಮೂಡಬಿದಿರೆ. ಅಲ್ಲಿ ನಡೆದದ್ದರಲ್ಲಿ ಹೆಣ ಇಲ್ಲ, ಮೂಲ ಪ್ರತಿಯೂ ಜಾಗ ಬಿಟ್ಟು ಕದಲಲಿಲ್ಲ. ಆದರೂ ಪುಸ್ತಕ ಹೊರಗೆ ಬಂತು.

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಾಳೆಗರಿಯ ಮೂರು ಗ್ರಂಥಗಳಿದ್ದವು: ಧವಲಾ, ಜಯಧವಲಾ, ಮಹಾಧವಲಾ. ಧವಲಾ ಅಂದರೆ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಟೀಕೆ, ಕ್ರಿ.ಶ. 816ರಲ್ಲಿ ಮುಗಿದದ್ದು, ಗಾತ್ರ 72,000 ಶ್ಲೋಕದಷ್ಟು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ಇಡೀ ದೇಶದಲ್ಲಿ ಪ್ರತಿ ಉಳಿದಿದ್ದದ್ದು ಅಲ್ಲಿ ಮಾತ್ರ. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು. ಓದುವವರು ಯಾರೂ ಇರಲಿಲ್ಲ, ಆ ಲಿಪಿ ಬಲ್ಲವರೇ ವಿರಳ.

1883ರಲ್ಲಿ ಮುಂಬಯಿಯ ಶೇಠ್ ಮಾಣಿಕ್‌ಚಂದ್ ಯಾತ್ರೆಗೆ ಬಂದವರು ಗರಿಗಳ ಸ್ಥಿತಿ ನೋಡಿ ಗಾಬರಿಯಾದರು. ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಅವರ ಜೊತೆ ಸೇರಿ ದುಡ್ಡು ಕೂಡಿಸಿದರು, ಬಸದಿಯ ಪಂಚರ ಮನವೊಲಿಸಿದರು. ಪ್ರತಿ ಮಾಡಿಕೊಳ್ಳಿ, ಆದರೆ ಅದು ಮೂಡಬಿದಿರೆ ಬಿಟ್ಟು ಹೋಗಬಾರದು ಅನ್ನೋದು ಪಂಚರ ಷರತ್ತು. ಈ ಷರತ್ತಿಗೆ ನಗಬೇಡಿ. ಒಂದೇ ಒಂದು ಕಡೆ ಇದೆ ಅನ್ನೋದೇ ಆ ಬಸದಿಯ ಹಿರಿಮೆ. ನಕಲು ಊರೂರು ತಿರುಗಿದರೆ ದರ್ಶನಕ್ಕೆ ಯಾರು ಬರ್ತಾರೆ?

1896ರಲ್ಲಿ ಶುರುವಾದ ಕೆಲಸ 1922ರವರೆಗೆ, 26 ವರ್ಷ ನಡೆಯಿತು. ಮೊದಲು ಕೂತವರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಅವರ ಜೊತೆಗೆ ಮಿರಜದ ಗಜಪತಿ ಉಪಾಧ್ಯಾಯರು. ಮಿರಜ ಅಂದರೆ ನಮಗೆ ಹೊರಗಿನ ಊರಲ್ಲ, ಕಾಗವಾಡದಲ್ಲಿ ಬಸ್ ಹತ್ತಿದರೆ ಅರ್ಧ ತಾಸಿನ ಹಾದಿ. ಬ್ರಹ್ಮಸೂರಿಗಳು ತೀರಿಕೊಂಡ ಮೇಲೆ ಗಜಪತಿಯವರೇ ವರ್ಷಗಟ್ಟಲೆ ನಾಗರಿ ಲಿಪಿಯಲ್ಲಿ ಬರೆದರು. ಅದು ಅಧಿಕೃತ ಪ್ರತಿ. ಅನಧಿಕೃತ ಪ್ರತಿ ಮನೆಯಲ್ಲಿ ತಯಾರಾಗುತ್ತಿತ್ತು. ಹೆಂಡತಿ ಲಕ್ಷ್ಮೀಬಾಯಿಯವರ ನೆರವಿನಿಂದ ಅದೇ ಗ್ರಂಥ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಕಾಗದಕ್ಕೆ ಇಳಿಯುತ್ತಿತ್ತು.

ನಾನು ಇಲ್ಲಿ ನಿಲ್ಲುತ್ತೇನೆ. ಧವಲಾದ 72,000, ಜಯಧವಲಾದ 60,000 ಶ್ಲೋಕಗಳ ಗಾತ್ರ. ಗರಿಯ ಮೇಲಿನ ದರ್ಶನವಷ್ಟೇ ಜನರಿಗೆ ಸಿಗುತ್ತಿದ್ದ ಕಾಲದಲ್ಲಿ, ಒಬ್ಬ ಹೆಣ್ಣುಮಗಳು ಅಡುಗೆ, ಮಕ್ಕಳು, ನೀರು ಎಲ್ಲ ಮುಗಿಸಿ ಅದರ ಪ್ರತಿ ಮಾಡೋದಕ್ಕೆ ಕೂತಿದ್ದಳು. ಪಂಡಿತರ ಹೆಸರು ಹಿಡಿದು ವಾದ ಮಾಡೋರು ಈ ಹೆಸರನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಬೇಕ್ರೀ.

ಮಾರಾಟದ ಭಾಗ ಇನ್ನೂ ಚೆನ್ನಾಗಿದೆ. ಗಜಪತಿಯವರು ಪ್ರತಿ ಹೊತ್ತುಕೊಂಡು ಮೊದಲು ಹೋದದ್ದು ಹೀರಾಚಂದ್, ಮಾಣಿಕ್‌ಚಂದ್ ಅವರ ಹತ್ತಿರವೇ. ಈ ಗ್ರಂಥ ಬೆಳಕಿಗೆ ಬರಲಿ ಅಂತ ಎಲ್ಲರಿಗಿಂತ ಹೆಚ್ಚು ಒದ್ದಾಡಿದವರು ಅವರು. ಆದರೂ ಕೊಳ್ಳಲಿಲ್ಲ. ಪಂಚರಿಗೆ ಮಾತು ಕೊಟ್ಟಾಗಿತ್ತು. ಕೊನೆಗೆ ಉತ್ತರದ ಸಹಾರನ್‌ಪುರದಲ್ಲಿ ಲಾಲಾ ಜಂಬೂಪ್ರಸಾದ್ ಕೊಂಡು ತಮ್ಮ ಮಂದಿರದಲ್ಲಿ ಇಟ್ಟರು. ಅವರು ಯಾರಿಗೂ ಮಾತು ಕೊಟ್ಟಿರಲಿಲ್ಲ!

ಸಹಾರನ್‌ಪುರದಲ್ಲಿ ಕನ್ನಡ ಓದೋರು ಯಾರು? ನಾಗರಿಗೆ ತಾವೇ ಇಳಿಸಿಕೊಡ್ತೀನಿ ಅಂದಿದ್ದ ಗಜಪತಿಯವರು ಮನೆಯಲ್ಲಿನ ಕಾಯಿಲೆಯಿಂದ ವಾಪಸು ಬಂದರು. ಲಕ್ಷ್ಮೀಬಾಯಿ ತೀರಿಕೊಂಡರು, ಉಪಾಧ್ಯಾಯರು ಮತ್ತೆ ಹೋಗಲಾಗಲಿಲ್ಲ. ವಿಜಯಚಂದ್ರಯ್ಯ ಎಂಬವರು ಕನ್ನಡ ಓದಿ ಹೇಳೋದು, ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆಯೋದು, ಹೀಗೆ ಕೆಲಸ ಸಾಗಿತು. ಕಾದಂಬರಿಯ ಪುಸ್ತಕ ವ್ಯಾಪಾರಿ ಎಂಟ್ರಿ ಕೊಡೋದು ಈಗ. ಸೀತಾರಾಮ ಶಾಸ್ತ್ರಿಗಳೂ ಗುಟ್ಟಾಗಿ ತಮಗೊಂದು ಪ್ರತಿ ಇಟ್ಟುಕೊಂಡರು! ಅದರಿಂದ ನಕಲು ಮೇಲೆ ನಕಲು ಮಾಡಿ ಅಮರಾವತಿ, ಆರಾ, ಕಾರಂಜಾ ಅಂತ ಊರೂರಿಗೆ ಕೊಟ್ಟರು. ಕದ್ದ ಪ್ರತಿಯಿಂದ ಕದ್ದ ಪ್ರತಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ರೆಪೋ ಪ್ರೈವೇಟ್, ಫೋರ್ಕ್ ಮಾತ್ರ ಎಲ್ಲ ಕಡೆ.

ಈ ನಕಲುಗಳನ್ನೇ ಹಿಡಿದು ಅಮರಾವತಿಯ ಪ್ರೊ. ಹೀರಾಲಾಲ್ ಜೈನ್ 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚು ಹಾಕಿಸಿದರು. ಒಟ್ಟು 16 ಸಂಪುಟ. ಸಂಪಾದನೆಯಲ್ಲಿ ಅವರ ಜೊತೆ ನಿಂತವರು ಆ. ನೇ. ಉಪಾಧ್ಯೆ, ಚಿಕ್ಕೋಡಿ ತಾಲೂಕಿನ ಸದಲಗಾದವರು, 1906ರಲ್ಲಿ ಹುಟ್ಟಿದವರು. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದರು. 1967ರ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕಬ್ಬು, ತಂಬಾಕು, ಗಡಿ ತಂಟೆ ಬಿಟ್ಟರೆ ನಮ್ಮ ಕಡೆಯದು ಏನೂ ಸುದ್ದಿಯಾಗೋದಿಲ್ಲ ಅನ್ನೋರಿಗೆ ನಾನು ಈ ಹೆಸರು ಹೇಳುತ್ತೇನೆ.

ಅಚ್ಚಾದ ಮೇಲೆ ಗಲಾಟೆ. ಸಿದ್ಧಾಂತ ಗ್ರಂಥ ಗೃಹಸ್ಥರು ಓದೋ ಹಾಗಿಲ್ಲ ಅನ್ನೋ ವಾದ ಒಂದು ಕಡೆ. ಅದಕ್ಕಿಂತ ದೊಡ್ಡದು 93ನೇ ಸೂತ್ರದ್ದು. ಹೆಣ್ಣು ಆತ್ಮಸಾಧನೆಯ ಯಾವ ಯಾವ ಮೆಟ್ಟಿಲು ಏರಬಹುದು ಅಂತ ಹೇಳುವ ಸೂತ್ರ ಅದು. ಅಲ್ಲಿ ‘ಸಂಜದ’, ಅಂದರೆ ಪೂರ್ಣ ಸಂಯಮಿ, ಎಂಬ ಪದ ನಕಲುಗಳಲ್ಲಿ ಇರಲಿಲ್ಲ. ಅರ್ಥ ನೋಡಿದರೆ ಇರಲೇಬೇಕಿತ್ತು ಅಂತ ಸಂಪಾದಕರು ಅಡಿಟಿಪ್ಪಣಿ ಹಾಕಿದರು. ಸ್ತ್ರೀಗೆ ಮುಕ್ತಿಯಿಲ್ಲ ಎನ್ನುವ ದಿಗಂಬರ ಪಂಡಿತರು ಎದ್ದು ನಿಂತರು. ಮೂಲ ನೋಡದೆ ಇದು ಬಗೆಹರಿಯೋ ಹಾಗಿರಲಿಲ್ಲ.

ಅಷ್ಟರಲ್ಲಿ ಮೂಡಬಿದಿರೆಯವರೂ ಮನಸ್ಸು ಬದಲಿಸಿದ್ದರು. ಮೂರನೇ ಸಂಪುಟದ ಹೊತ್ತಿಗೆ ಗರಿಗಳ ಜೊತೆ ಪಾಠ ತಾಳೆ ನೋಡಲು ಒಪ್ಪಿಗೆ ಸಿಕ್ಕಿತು. ನೋಡಿದಾಗ ತಾಳೆಗರಿಯಲ್ಲಿ ‘ಸಂಜದ’ ಇತ್ತು. ನಕಲು ಕೈಯಿಂದ ಕೈಗೆ ದಾಟುವಾಗ ಎಲ್ಲೋ ಬಿದ್ದುಹೋಗಿತ್ತು. ಜಗಳ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಧವಲಾವನ್ನು ತಾಮ್ರಪಟದ ಮೇಲೆ ಕೊರೆಸುವಾಗ ಆ ಪದ ಹಾಕಬೇಕೋ ಬೇಡವೋ ಅನ್ನೋ ಪ್ರಶ್ನೆ, ಆ ಕೆಲಸಕ್ಕೆ ಪ್ರೇರಣೆ ಕೊಟ್ಟಿದ್ದ ಆಚಾರ್ಯ ಶಾಂತಿಸಾಗರರ ತನಕ ಹೋಯಿತು. ಅವರೂ ನಮ್ಮ ಕಡೆಯವರೇ, ನಿಪ್ಪಾಣಿ ಹತ್ತಿರದ ಭೋಜದವರು.