ಕೇತಿಯ ಶಾಲೆ: ಕಲಿಸಲು ಬಂದವರು ಮೊದಲು ಕಲಿತ ಕತೆ

ಹೊರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸುವುದು ಈಗ ಒಂದು ಉದ್ಯೋಗವೇ ಆಗಿದೆ. ಜಪಾನ್ ಸರಕಾರ 1987ರಿಂದ ಹೊರಗಿನ ಯುವಕ ಯುವತಿಯರನ್ನು ತನ್ನ ಶಾಲೆಗಳಿಗೆ ಸಹಾಯಕ ಭಾಷಾ ಶಿಕ್ಷಕರಾಗಿ ಕರೆಸಿಕೊಳ್ಳುತ್ತಿದೆ. ಮಕ್ಕಳ ಮಾತು ತನಗೆ ಬಾರದು, ತನ್ನ ಮಾತು ಮಕ್ಕಳಿಗೆ ಬಾರದು, ಪಾಠ ಎಲ್ಲಿಂದ ಸುರು ಮಾಡುವುದು? ಇಂಥ ಹೊಸಬರಿಗೆ ಮೊದಲ ದಿನವೇ ಎದುರಾಗುವ ಪ್ರಶ್ನೆ ಇದು. ಗಡಿನಾಡಿನ ಕನ್ನಡ ಶಾಲೆಗಳಲ್ಲಿರುವ ನಮಗೆ ಈ ಪ್ರಶ್ನೆ ಹೊಸದಲ್ಲ. ನೀಲಗಿರಿ ಬೆಟ್ಟಕ್ಕೂ ಹೊಸದಲ್ಲ.

ಕೂನೂರಿನಿಂದ ಊಟಿಗೆ ಹೋಗುವ ಪುಟ್ಟ ರೈಲಿನಲ್ಲಿ ಕುಳಿತರೆ ವೆಲ್ಲಿಂಗ್ಟನ್, ಅರುವಂಕಾಡು ದಾಟಿದ ಮೇಲೆ ಕೇತಿ ಎಂಬ ನಿಲ್ದಾಣ ಸಿಗುತ್ತದೆ. ಕೂನೂರಿಗೆ ರೈಲು ಬಂದದ್ದು 1899ರಲ್ಲಿ. ನಾವು ಹೇಳುತ್ತಿರುವುದು ಅದಕ್ಕೂ ಅರ್ಧ ಶತಮಾನ ಹಿಂದಿನ ಸಂಗತಿ. ಮದರಾಸಿನಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕಾಸಾಮೇಜರ್ ಎಂಬ ಇಂಗ್ಲಿಷರು 1840ರ ದಶಕದಲ್ಲಿ ಕೇತಿಯಲ್ಲಿ ನೆಲೆಸಿದರು. ಸುತ್ತಲಿನ ಬಡಗರ ಮಕ್ಕಳಿಗಾಗಿ ಶಾಲೆ ತೆರೆದರು. ಆ ಮಕ್ಕಳ ಮಾತಿಗೆ ಹತ್ತಿರವಾದ ಭಾಷೆ ಕನ್ನಡ. ಹಾಗಾಗಿ ನಿವೃತ್ತಿಯ ವಯಸ್ಸಿನಲ್ಲಿ ಅವರು ತಾವೇ ಕನ್ನಡ ಕಲಿಯತೊಡಗಿದರು!

1846ರಲ್ಲಿ ಬಾಸೆಲ್ ಮಿಶನ್ ಅಲ್ಲಿಗೆ ಬಂತು. 1834ರಿಂದ ಮಂಗಳೂರಿನಲ್ಲಿದ್ದ ಇದೇ ಮಿಶನ್ ನಮ್ಮ ಕರಾವಳಿಗೆ ಪರಿಚಿತ. ಮತಪ್ರಚಾರ ಅವರ ಉದ್ದೇಶವಾಗಿತ್ತು, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಅವರಲ್ಲಿ ಒಂದು ಶಿಸ್ತಿತ್ತು. ಜರ್ಮನ್ ಮಾತಾಡುತ್ತ ಹಡಗಿಳಿದವನು ಮೊದಲು ಊರಿನ ಮುನ್ಶಿಯ ಎದುರು ಕುಳಿತು ಅಕ್ಷರ ತಿದ್ದಬೇಕು. ಆಮೇಲೆ ಪಾಠ, ಪ್ರವಚನ. ಹೀಗೆ ಕನ್ನಡ ಕಲಿತವರಲ್ಲಿ ವೈಗಲ್ ಒಬ್ಬರು. ಮಂಗಳೂರಿನಲ್ಲಿದ್ದ ಅವರು ಬೆಟ್ಟ ಹತ್ತಿ ಕೇತಿಗೆ ಬಂದರು.

ಬಂದರೆ, ಅಲ್ಲಿನ ಕನ್ನಡವೇ ಬೇರೆ! ಬಡಗ ಎಂದರೆ ಬಡಗು ದಿಕ್ಕಿನವರು. ಯಕ್ಷಗಾನದ ಬಡಗುತಿಟ್ಟು ಗೊತ್ತಿರುವ ನಮಗೆ ಈ ಶಬ್ದ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಹಟ್ಟಿ ಎಂದರೆ ದನ ಕಟ್ಟುವ ಜಾಗ, ಬಡಗರಿಗೆ ಹಟ್ಟಿ ಎಂದರೆ ಇಡೀ ಊರು. ನಾಲಗೆ ಮಡಚಿ ಹೇಳುವ ಸ್ವರಗಳೂ ಅವರ ಮಾತಿನಲ್ಲಿದ್ದವು. ಎಮೆನೋ ಎಂಬ ಭಾಷಾಶಾಸ್ತ್ರಜ್ಞರು 1939ರಲ್ಲಿ ಇವನ್ನು ವಿವರಿಸಿ ಬರೆದರು. ನಮ್ಮ ವರ್ಣಮಾಲೆಯಲ್ಲಿ ಇವಕ್ಕೆ ಅಕ್ಷರವೇ ಇಲ್ಲ. ಅಂದರೆ ಪುಸ್ತಕದ ಕನ್ನಡ ಕಲಿತು ಬಂದವರು ಮಕ್ಕಳ ಬಾಯಿಂದ ಮತ್ತೊಮ್ಮೆ ಕಲಿಯಬೇಕಾಯಿತು. ಮೆಟ್ಸ್ ಎಂಬವರು ದಶಕಗಳ ಕಾಲ ಹಟ್ಟಿಯಿಂದ ಹಟ್ಟಿಗೆ ನಡೆದು ಆ ಮಾತನ್ನು ಕಲಿತರು. 1890ರಲ್ಲಿ ಬಡಗ ಭಾಷೆಯಲ್ಲಿ ಲೂಕನ ಸುವಾರ್ತೆ ಅಚ್ಚಾದಾಗ ಬಳಸಿದ್ದು ಕನ್ನಡ ಲಿಪಿಯನ್ನು.

ಈ ಕಲಿಕೆಯಿಂದ ಕನ್ನಡಕ್ಕೆ ಸಿಕ್ಕಿದ ಲಾಭ ನೋಡಿ. ಮೋಗ್ಲಿಂಗ್ ಮತ್ತು ವೈಗಲ್ ಸೇರಿ 1848ರಿಂದ ಮಂಗಳೂರಿನಲ್ಲಿ 'ಬಿಬ್ಲಿಯೋಥಿಕಾ ಕರ್ನಾಟಕಾ' ಎಂಬ ಗ್ರಂಥಮಾಲೆ ಹೊರತಂದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಓಲೆಗರಿಯಿಂದ ಕಲ್ಲಚ್ಚಿಗೆ ಬಂದವು. ಅದಕ್ಕೆ ಹಣ ಕೊಟ್ಟವರು ಇದೇ ಕೇತಿಯ ಕಾಸಾಮೇಜರ್! 1849ರಲ್ಲಿ ತೀರಿಕೊಂಡಾಗ ಅವರು ತಮ್ಮ ಆಸ್ತಿಯ ಬಹುಪಾಲನ್ನು ಮಿಶನ್ನಿಗೆ ಬಿಟ್ಟುಹೋಗಿದ್ದರು.

ಇಂದು ಬಡಗ ಮಕ್ಕಳು ಹೆಚ್ಚಾಗಿ ಓದುವುದು ತಮಿಳು, ಇಂಗ್ಲಿಷುಗಳಲ್ಲಿ. ಬೆಟ್ಟದ ಶಾಲೆಗಳಿಂದ ಕನ್ನಡ ದೂರ ಸರಿದಿದೆ. ಇತ್ತ ಕಾಸರಗೋಡಿನಲ್ಲಿ ಕನ್ನಡ ಅರಿಯದವರನ್ನು ಕನ್ನಡ ಮಾಧ್ಯಮದ ಹುದ್ದೆಗೆ ನೇಮಿಸಿದಾಗ ಮಕ್ಕಳೂ ಹೆತ್ತವರೂ ಪ್ರತಿಭಟಿಸಬೇಕಾಯಿತು. ಗಣಿತವೋ ವಿಜ್ಞಾನವೋ ಶಿಕ್ಷಕರಿಗೆ ಚೆನ್ನಾಗಿ ಗೊತ್ತಿರಬಹುದು. ಆದರೆ ಮಗು ಕೇಳಿದ ಸಂಶಯವೇ ಅವರಿಗೆ ಅರ್ಥವಾಗದಿದ್ದರೆ ಏನು ಪ್ರಯೋಜನ? ಸಮುದ್ರ ದಾಟಿ ಬಂದವರು ಸುಮಾರು 180 ವರ್ಷಗಳ ಹಿಂದೆ ಪಾಲಿಸಿದ ನಿಯಮವನ್ನು ಪಕ್ಕದ ತಾಲೂಕಿನಿಂದ ಬರುವವರೂ ಪಾಲಿಸಲಿ ಎಂದು ಕೇಳುವುದು ತಪ್ಪೇ?

ಈ ಮಾತು ನಮಗೂ ಅನ್ವಯಿಸುತ್ತದೆ. ನಮ್ಮ ತರಗತಿಗಳಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಮಾತಾಡುವ ಮಕ್ಕಳಿದ್ದಾರೆ. ಜೂನ್ ತಿಂಗಳಲ್ಲಿ ಶಾಲೆ ಸುರುವಾದಾಗ ಮೊದಲ ವಾರ ನಾವು ಅವರಿಂದ ನಾಲ್ಕು ಶಬ್ದ ಕೇಳಿ ಕಲಿಯೋಣ. ಹಟ್ಟಿಗೆ ಅವರ ಮನೆಯಲ್ಲಿ ಏನನ್ನುತ್ತಾರೆ ಎಂದು ಕೇಳುವುದರಿಂದಲೇ ಪಾಠ ಸುರು ಮಾಡಬಹುದು.