ದುಡಿಮೆಯ ಸೀರೆ, ವೇದಿಕೆಯ ಬೆಳಕು

ಗೋವೆಯ ಇತಿಹಾಸವೆಂದೊಡನೆ ಕದಂಬರ ಶಾಸನಗಳು, ಪೋರ್ಚುಗೀಸರ ಕೋಟೆಗಳು, 1961ರ ವಿಮೋಚನೆ ನಮ್ಮ ನೆನಪಿಗೆ ಬರುತ್ತವೆ. ಜನರು ಉಟ್ಟ ಬಟ್ಟೆಗೂ ಇಲ್ಲಿ ಇತಿಹಾಸವುಂಟು. ಅದೂ ನೋವಿನಿಂದ ಹೊರತಾದುದಲ್ಲ. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ಹೊರಡಿಸಿದ ಆಜ್ಞೆಯು ಮತಾಂತರ ಹೊಂದಿದವರ ಊಟ, ಆಚಾರಗಳೊಡನೆ ಉಡುಪನ್ನೂ ನಿರ್ಬಂಧಿಸಿತು. ಗಂಡಸರ ಧೋತರ, ಹೆಂಗಸರ ಚೋಳಿ ಅಪರಾಧದ ಗುರುತುಗಳಾದವು. ಯಾರು ಏನನ್ನು ತೊಡಬೇಕೆಂಬುದನ್ನು ಅಧಿಕಾರವೇ ನಿರ್ಧರಿಸಿದ ಈ ನಾಡಿನ ಮೂಲದ ಇಬ್ಬರು, ಮುಂದೆ ಭಾರತದ ಸೌಂದರ್ಯ ಮತ್ತು ಉಡುಪಿನ ಉದ್ಯಮದಲ್ಲಿ ಎರಡು ಘಟ್ಟಗಳನ್ನು ಗುರುತಿಸಿದರೆಂಬುದು ಗಮನಾರ್ಹ.

ಮೊದಲನೆಯವರು ರೀಟಾ ಫರಿಯಾ. ಗೋವೆಯ ತಂದೆ-ತಾಯಿಗಳಿಗೆ 1943ರಲ್ಲಿ ಮುಂಬಯಿಯಲ್ಲಿ ಜನಿಸಿದ ಇವರು, ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯಾಗಿದ್ದಾಗ 1966ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ವಿಶ್ವಸುಂದರಿ ಕಿರೀಟ ಧರಿಸಿದರು. ಆ ಗೌರವ ಪಡೆದ ಏಷ್ಯಾದ ಪ್ರಥಮ ಮಹಿಳೆ ಇವರೇ. ಇಂದಿನ ಸ್ಪರ್ಧಿಗಳ ಬೆನ್ನಿಗಿರುವ ತರಬೇತುದಾರರಾಗಲಿ ಪ್ರಸಾಧಕರಾಗಲಿ ಅವರಿಗಿರಲಿಲ್ಲ. ಸ್ಪರ್ಧೆಗೆ ಬೇಕಾದ ಉಡುಪುಗಳನ್ನೂ ಎರವಲು ಪಡೆದಿದ್ದರು. ಒಂದು ವರ್ಷದ ಕರಾರು ಮುಗಿದೊಡನೆ ರೂಪದರ್ಶಿಯ ವೃತ್ತಿ, ಚಲನಚಿತ್ರಗಳೆರಡನ್ನೂ ಬದಿಗಿರಿಸಿ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಓದು ಮುಂದುವರಿಸಿ ವೈದ್ಯೆಯಾದರು. ಅದು ಅವರ ಸ್ವಂತ ಆಯ್ಕೆ. ಆದರೆ ಚೆಲುವಿನ ಕ್ಷೇತ್ರವನ್ನು ಜೀವನವೃತ್ತಿಯಾಗಿ ನಂಬಿಕೊಳ್ಳುವಂತಹ ವ್ಯವಸ್ಥೆಯೂ ಆಗ ದೇಶದಲ್ಲಿರಲಿಲ್ಲ.

ಆ ವ್ಯವಸ್ಥೆ ರೂಪುಗೊಳ್ಳಲು ಮೂರು ದಶಕಗಳೇ ಹಿಡಿದವು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ದೆಹಲಿಯಲ್ಲಿ 1986ರಲ್ಲಿ ಆರಂಭವಾಯಿತು; ಅದರ ಬೆಂಗಳೂರು ಕೇಂದ್ರ ಬಂದದ್ದು 1997ರಲ್ಲಿ. ವಿನ್ಯಾಸಕಾರರ ಒಕ್ಕೂಟವಾದ ಭಾರತೀಯ ಫ್ಯಾಷನ್ ವಿನ್ಯಾಸ ಮಂಡಳಿ 1998ರಲ್ಲಿ ಹುಟ್ಟಿತು. ದೇಶದ ಮೊದಲ ಫ್ಯಾಷನ್ ಸಪ್ತಾಹ 2000ದಲ್ಲಿ ದೆಹಲಿಯಲ್ಲಿ ನಡೆಯಿತು. ಈ ನಡುವೆ 1994ರಲ್ಲಿ ಮಂಗಳೂರಿನಲ್ಲಿ ಜನಿಸಿದ ಐಶ್ವರ್ಯಾ ರೈ ವಿಶ್ವಸುಂದರಿಯಾದರು. 2000ದಲ್ಲಿ ಬೆಂಗಳೂರಿನಲ್ಲಿ ಬೆಳೆದ ಲಾರಾ ದತ್ತಾ ಭುವನಸುಂದರಿಯಾದರು. ಕಿರೀಟ ಒಬ್ಬರ ತಲೆಗೇರಿದರೂ ಅದರ ಹಿಂದೆ ದುಡಿಯುವವರು ಹಲವರು: ಬಟ್ಟೆ ಕತ್ತರಿಸುವವರು, ಹೊಲಿಯುವವರು, ಇಸ್ತ್ರಿ ಹಾಕುವವರು, ಮುಖಕ್ಕೆ ಬಣ್ಣ ಹಚ್ಚುವವರು, ಕೇಶ ಸಿಂಗರಿಸುವವರು, ಛಾಯಾಗ್ರಾಹಕರು. ಪ್ರೇಕ್ಷಕನ ಕಣ್ಣಿಗೆ ಅರ್ಧ ಗಂಟೆಯ ಪ್ರದರ್ಶನ. ಅವರಿಗೆ ಅದು ತಿಂಗಳುಗಳ ದುಡಿಮೆ.

ಈ ಹೊಸ ವೃತ್ತಿಲೋಕವನ್ನು ಕಟ್ಟಿದವರಲ್ಲಿ ಗೋವೆಯ ವೆಂಡೆಲ್ ರಾಡ್ರಿಕ್ಸ್ ಪ್ರಮುಖರು. 1960ರ ಮೇ 28ರಂದು ಜನಿಸಿ, ಮುಂಬಯಿಯಲ್ಲಿ ಬೆಳೆದ ಅವರು ಮೊದಲು ಕಲಿತದ್ದು ಆತಿಥ್ಯ ವೃತ್ತಿಯನ್ನು. ಮಸ್ಕತ್‌ನಲ್ಲಿ ರಾಯಲ್ ಒಮಾನ್ ಪೊಲೀಸ್ ಅಧಿಕಾರಿಗಳ ಕ್ಲಬ್ಬಿನಲ್ಲಿ ದುಡಿದು ಉಳಿಸಿದ ಹಣದಿಂದ ಅಮೆರಿಕ ಮತ್ತು ಫ್ರಾನ್ಸ್‌ಗಳಲ್ಲಿ ವಸ್ತ್ರವಿನ್ಯಾಸ ಅಭ್ಯಸಿಸಿದರು. ಮುಂಬಯಿಯಲ್ಲಿ ಹೆಸರು ಮಾಡಿದ ಮೇಲೆ, 1993ರಲ್ಲಿ, ಬಾರ್ದೇಸ್ ತಾಲೂಕಿನ ಪೂರ್ವಿಕರ ಹಳ್ಳಿ ಕೊಲ್ವಾಳಕ್ಕೆ ಬಂದು ನೆಲೆಸಿದರು. ಮಾರುಕಟ್ಟೆಯೆಲ್ಲ ಮುಂಬಯಿ, ದೆಹಲಿಗಳಲ್ಲಿದ್ದ ಕಾಲದಲ್ಲಿ ಇದು ಸಾಹಸವೇ ಸರಿ. ಮದುವೆಯ ಜರತಾರಿ ಉಡುಪುಗಳೇ ವಿನ್ಯಾಸಕಾರನ ಅನ್ನವಾಗಿದ್ದಾಗ, ಅವರು ಕರಾವಳಿಯ ಸೆಖೆಗೆ ಹೊಂದುವ ಹಗುರ, ಸರಳ ಬಿಳಿಯ ಉಡುಪುಗಳನ್ನು ಮುಂದಿಟ್ಟರು. ಬೆಂಗಳೂರಿನ ಯುವ ರೂಪದರ್ಶಿ ದೀಪಿಕಾ ಪಡುಕೋಣೆಯವರ ಪ್ರತಿಭೆಯನ್ನು ಮೊದಲೇ ಗುರುತಿಸಿ, ಹಿಂದಿ ಚಿತ್ರರಂಗದವರಿಗೆ ಶಿಫಾರಸು ಮಾಡಿದವರೂ ಅವರೇ.

ಆದರೆ ಅವರ ಹೆಸರು ಗೋವೆಯಲ್ಲಿ ನಿಂತಿರುವುದು ಕುಣಬಿ ಸೀರೆಯಿಂದ. ಕುಣಬಿಗಳು ಈ ನೆಲದ ಪ್ರಾಚೀನ ಕೃಷಿಕರು. ಗಡಿಯಾಚೆ ನಮ್ಮ ಜೋಯಿಡಾದ ಕಾಡುಗಳಲ್ಲೂ ಕುಣಬಿ ಸಮುದಾಯ ಬಾಳುತ್ತಿದೆ. ಗದ್ದೆಯ ಕೆಸರಿನಲ್ಲಿ ಸಲೀಸಾಗಿ ದುಡಿಯಲೆಂದು ಮೊಣಕಾಲಿನ ಮಟ್ಟಕ್ಕೆ ಎತ್ತಿ ಉಟ್ಟು, ಹೆಗಲ ಮೇಲೆ ಗಂಟು ಬಿಗಿಯುತ್ತಿದ್ದ ಕೆಂಪು ಚೌಕಳಿಯ ಹತ್ತಿಯ ಸೀರೆ ಅದು. ಕಾಲಾಂತರದಲ್ಲಿ ಮಗ್ಗಗಳು ನಿಂತವು. ಸೀರೆ ಜನಪದ ನೃತ್ಯದ ವೇಷವಾಗಿ ಮಾತ್ರ ಉಳಿಯುವ ಸ್ಥಿತಿ ಬಂದಿತು. ರಾಡ್ರಿಕ್ಸ್ ಅದನ್ನು ಮತ್ತೆ ಕೈಮಗ್ಗದಲ್ಲಿ ನೇಯಿಸಿ, 2010ರಲ್ಲಿ ದೆಹಲಿಯ ಫ್ಯಾಷನ್ ವೇದಿಕೆಗೆ ತಂದರು.

ಗೋವೆಯ ಉಡುಪಿನ ಚರಿತ್ರೆಯನ್ನು ಕುರಿತ ಅವರ ‘ಮೋಡಾ ಗೋವಾ’ ಗ್ರಂಥ 2012ರಲ್ಲಿ ಪ್ರಕಟವಾಯಿತು. 2014ರಲ್ಲಿ ಪದ್ಮಶ್ರೀ ಸಂದಿತು. 2016ರಲ್ಲಿ ತಮ್ಮ ಸಂಸ್ಥೆಯ ವಿನ್ಯಾಸದ ಹೊಣೆಯನ್ನು ಶಿಷ್ಯೆ ಶುಲೆನ್ ಫರ್ನಾಂಡಿಸ್ ಅವರಿಗೆ ಒಪ್ಪಿಸಿ, ಕೊಲ್ವಾಳದ ತಮ್ಮ ಪುರಾತನ ಮನೆಯನ್ನೇ ಉಡುಪಿನ ಸಂಗ್ರಹಾಲಯವಾಗಿಸಲು ತೊಡಗಿದರು. ಅದು ಬಾಗಿಲು ತೆರೆಯುವ ಮುನ್ನವೇ, 2020ರ ಫೆಬ್ರವರಿ 12ರಂದು, ನಿಧನರಾದರು.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳದೆ ಮುಂದುವರಿಯಲಾಗದು. ಗದ್ದೆಯ ಸೀರೆ ವೇದಿಕೆಗೆ ಬಂದಾಗ ಅದರ ಬೆಲೆಯೂ ಏರುತ್ತದೆ. ಅದನ್ನು ಉಟ್ಟು ಉಳಿಸಿಕೊಂಡು ಬಂದ ಹೆಣ್ಣುಮಕ್ಕಳಿಗೆ ಅದು ಎಟುಕುವುದೇ? ನೇಯ್ದವನ ಹೆಸರು ಯಾರಿಗಾದರೂ ತಿಳಿಯುವುದೇ? ವಿನ್ಯಾಸಕಾರನೊಬ್ಬ ನೀಡಬಲ್ಲದ್ದು ಗೌರವ ಮತ್ತು ಬೇಡಿಕೆ. ಅವುಗಳ ಫಲ ಮಗ್ಗದವರೆಗೆ ತಲುಪಬೇಕಾದರೆ ಸರಕಾರ, ಸಹಕಾರ ಸಂಘ, ಕೊಳ್ಳುವವರು ಎಲ್ಲರೂ ಕೈಗೂಡಿಸಬೇಕು.

ಈ ಪ್ರಶ್ನೆ ಗೋವಾ ಕನ್ನಡಿಗರಾದ ನಮಗೂ ಸೇರಿದ್ದು. ವಿಜಯಪುರ, ಬಾಗಲಕೋಟೆ, ಗದಗ ಕಡೆಗಳಿಂದ ದುಡಿಯಲು ಬಂದ ನಮ್ಮ ತಾಯಂದಿರು ವಾಸ್ಕೋ, ಮಡಗಾಂವಗಳ ಬೀದಿಗಳಿಗೆ ಇಳಕಲ್ ಸೀರೆಯನ್ನು ತಂದರು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವುದು, ಕೆಂಪು ಸೆರಗಿನಲ್ಲಿ ತೋಪು ತೆನೆ ಮೂಡಿಸುವುದು ಆ ನೇಕಾರಿಕೆಯ ವೈಶಿಷ್ಟ್ಯ. 2007ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಹಾಗಿದ್ದರೂ ವಿದ್ಯುತ್ ಮಗ್ಗದ ಅಗ್ಗದ ಪೈಪೋಟಿಯ ಮುಂದೆ ಕೈಮಗ್ಗ ತತ್ತರಿಸುತ್ತಿದೆ.

ಇಂದು ನಮ್ಮ ಮನೆಯ ಮಕ್ಕಳು ವಸ್ತ್ರವಿನ್ಯಾಸ, ಪ್ರಸಾಧನ, ಛಾಯಾಗ್ರಹಣಗಳನ್ನು ಕಲಿಯುವೆವೆಂದರೆ ಹಿರಿಯರು ಹಿಂಜರಿಯಬೇಕಾಗಿಲ್ಲ. ಅದು ಓದು, ಶ್ರಮ, ಶಿಸ್ತುಗಳನ್ನು ಬೇಡುವ ವೃತ್ತಿ. ಹಾಗೆ ಹೊರಟವರ ಕೈಗೆ ಅಜ್ಜಿಯ ಇಳಕಲ್ ಸೀರೆಯನ್ನೊಮ್ಮೆ ಕೊಟ್ಟು, ಅದನ್ನು ಎಲ್ಲಿ ಕೊಂಡರು, ಹೇಗೆ ಉಡುತ್ತಿದ್ದರು ಎಂಬುದನ್ನು ಹೇಳೋಣ. ಹಿರಿಯರು ಬದುಕಿರುವಾಗಲೇ ಆ ಮಾತುಗಳನ್ನೂ ಹಳೆಯ ಛಾಯಾಚಿತ್ರಗಳನ್ನೂ ಸಂಗ್ರಹಿಸಿಡುವ ಕೆಲಸವನ್ನು ಕನ್ನಡ ಸಂಘಗಳು ಕೈಗೆತ್ತಿಕೊಂಡರೆ, ಗೋವೆಯ ಉಡುಪಿನ ಇತಿಹಾಸದಲ್ಲಿ ಕನ್ನಡಿಗರ ಪುಟವೊಂದು ಸೇರುತ್ತದೆ.